ವಿಕಿರಣ ಚಿಕಿತ್ಸೆಯಲ್ಲಿ ವೈದ್ಯಕೀಯ ಭೌತವಿಜ್ಞಾನಿಗಳ ಕಾರ್ಯವಿಧಾನ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕ್ಯಾನ್ಸರ್ ರೋಗದ ಚಿಕಿತ್ಸೆಯಲ್ಲಿ ಶಸ್ತ್ರಚಿಕಿತ್ಸೆ, ಔಷಧ ಚಿಕಿತ್ಸೆ ಹಾಗೂ ವಿಕಿರಣ ಚಿಕಿತ್ಸೆ ಎಂಬ ಮೂರು ವಿಧಾನಗಳು ಪ್ರಮುಖವಾಗಿವೆ. ಜನಸಾಮಾನ್ಯರು ‘ಕರೆಂಟ್ ಕೊಡುವುದು’ ಎಂದು ಕರೆಯುವ ಚಿಕಿತ್ಸೆಯೇ ವಿಕಿರಣ ಚಿಕಿತ್ಸೆ. ವಾಸ್ತವದಲ್ಲಿ ಈ ಚಿಕಿತ್ಸೆಯಲ್ಲಿ ರೋಗಿಯ ದೇಹಕ್ಕೆ ವಿದ್ಯುತ್ ಹರಿಸಲಾಗುವುದಿಲ್ಲ. ಅಧಿಕ ಶಕ್ತಿಯ ಕಿರಣಗಳನ್ನು ಗಡ್ಡೆಯಿರುವ ಭಾಗಕ್ಕೆ ನಿಗದಿತ ಪ್ರಮಾಣದಲ್ಲಿ ಹಾಯಿಸಿ, ರೋಗಗ್ರಸ್ತ ಜೀವಕೋಶಗಳನ್ನು ನಾಶಪಡಿಸಲಾಗುತ್ತದೆ.

ಈ ಚಿಕಿತ್ಸೆಗಾಗಿ ಆಸ್ಪತ್ರೆಗೆ ಬರುವ ರೋಗಿಗಳು ಹಾಗೂ ಅವರ ಸಂಬಂಧಿಕರಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಮೂಡುತ್ತದೆ. ವೈದ್ಯರು ನೋಡಿದ್ದಾಗಿದೆ, ಸ್ಕ್ಯಾನ್ ಆಗಿದೆ, ಚರ್ಮದ ಮೇಲೆ ಗುರುತು ಹಾಕಿದ್ದಾಗಿದೆ. ಆದರೂ ಚಿಕಿತ್ಸೆಯನ್ನು ಆರಂಭಿಸಲು ಹಲವು ದಿನಗಳ ನಂತರ ಬರುವಂತೆ ತಿಳಿಸುವುದೇಕೆ? ದೂರದ ಊರುಗಳಿಂದ ಬಂದು ಧರ್ಮಶಾಲೆಯಲ್ಲಿಯೋ ಬಾಡಿಗೆ ಕೊಠಡಿಯಲ್ಲಿಯೋ ತಂಗಿರುವ, ಕೂಲಿ ಬಿಟ್ಟು ಬಂದಿರುವ ಕುಟುಂಬಗಳಿಗೆ ಪ್ರತಿಯೊಂದು ದಿನದ ಕಾಯುವಿಕೆಯೂ ಹೊರೆಯೇ ಸರಿ. ಈ ಅವಧಿಯಲ್ಲಿ ರೋಗಿಯ ಕಣ್ಣಿಗೆ ಬೀಳದಂತೆ ನಡೆಯುವ ಕೆಲಸ ಯಾವುದು, ಅದನ್ನು ಯಾರು ಮಾಡುತ್ತಾರೆ, ಅದನ್ನು ಅವಸರಪಡಿಸಬಾರದು ಏಕೆ ಎಂಬುದನ್ನು ವಿವರಿಸುವುದು ಈ ಮಾಹಿತಿಯ ಉದ್ದೇಶವಾಗಿರುತ್ತದೆ.

2. ವೈದ್ಯಕೀಯ ಭೌತವಿಜ್ಞಾನಿ ಎಂದರೆ ಯಾರು?

ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಮುಖ್ಯವಾಗಿ ಮೂರು ವರ್ಗದ ಪರಿಣತರು ಕಾರ್ಯನಿರ್ವಹಿಸುತ್ತಾರೆ.

ಅ) ವಿಕಿರಣ ಚಿಕಿತ್ಸಾ ತಜ್ಞ ವೈದ್ಯರು: ರೋಗಿಗೆ ವಿಕಿರಣ ಚಿಕಿತ್ಸೆ ಬೇಕೇ, ಬೇಕಿದ್ದಲ್ಲಿ ಯಾವ ಭಾಗಕ್ಕೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಂತುಗಳಲ್ಲಿ ಎಂಬುದನ್ನು ನಿರ್ಧರಿಸುತ್ತಾರೆ.

ಆ) ವೈದ್ಯಕೀಯ ಭೌತವಿಜ್ಞಾನಿ: ವೈದ್ಯರು ಬರೆದ ಪ್ರಮಾಣವು ಅದೇ ಪ್ರಮಾಣದಲ್ಲಿ, ಅದೇ ಭಾಗಕ್ಕೆ ತಲುಪುವಂತೆ ಲೆಕ್ಕ ಹಾಕುವುದು, ಅಳೆಯುವುದು ಮತ್ತು ಪರಿಶೀಲಿಸುವುದು ಇವರ ಜವಾಬ್ದಾರಿ. ಆಸ್ಪತ್ರೆಗಳ ನಾಮಫಲಕಗಳಲ್ಲಿ ಇವರನ್ನು ‘ಮೆಡಿಕಲ್ ಫಿಸಿಸಿಸ್ಟ್’ ಎಂದು ನಮೂದಿಸಿರುವುದನ್ನು ಕಾಣಬಹುದು.

ಇ) ವಿಕಿರಣ ಚಿಕಿತ್ಸಾ ತಂತ್ರಜ್ಞರು: ಪ್ರತಿದಿನ ರೋಗಿಯನ್ನು ಯಂತ್ರದ ಮೇಜಿನ ಮೇಲೆ ಸರಿಯಾದ ಭಂಗಿಯಲ್ಲಿ ಮಲಗಿಸಿ ಯಂತ್ರವನ್ನು ನಡೆಸುತ್ತಾರೆ.

ವೈದ್ಯಕೀಯ ಭೌತವಿಜ್ಞಾನಿಯು ಎಂ.ಬಿ.ಬಿ.ಎಸ್. ಓದಿದ ವೈದ್ಯರಲ್ಲ. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಂತರ ವಿಕಿರಣ ಭೌತಶಾಸ್ತ್ರದಲ್ಲಿ ಡಿಪ್ಲೊಮಾ, ಅಥವಾ ವೈದ್ಯಕೀಯ ಭೌತಶಾಸ್ತ್ರದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಆಸ್ಪತ್ರೆಯೊಂದರಲ್ಲಿ ತರಬೇತಿಯನ್ನು ಪೂರೈಸಿದವರಾಗಿರುತ್ತಾರೆ. ನಮ್ಮ ದೇಶದಲ್ಲಿ ಈ ಡಿಪ್ಲೊಮಾ ಶಿಕ್ಷಣವು 1962ರಲ್ಲಿ ಮುಂಬೈನ ಟ್ರಾಂಬೆಯಲ್ಲಿ, ಇಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂದು ಕರೆಯಲಾಗುವ ಸಂಸ್ಥೆಯಲ್ಲಿ ಆರಂಭವಾಯಿತು.

3. ಯಂತ್ರದ ಪರೀಕ್ಷೆ: ರೋಗಿ ಬರುವ ಮುನ್ನವೇ ಆರಂಭವಾಗುವ ಕೆಲಸ

ವಿಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಉದಾಹರಣೆಗೆ, 50 ಗ್ರೇ ಪ್ರಮಾಣವನ್ನು 25 ಕಂತುಗಳಲ್ಲಿ ನೀಡಬೇಕೆಂದು ವೈದ್ಯರು ಸೂಚಿಸಿದಲ್ಲಿ, ದಿನವೊಂದಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಐದು ವಾರಗಳ ಕಾಲ ಚಿಕಿತ್ಸೆ ನಡೆಯುತ್ತದೆ. ಪ್ರಮಾಣ ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ. ಹೆಚ್ಚಾದರೆ ಸುತ್ತಲಿನ ಆರೋಗ್ಯವಂತ ಅಂಗಗಳಿಗೆ ಹಾನಿಯಾಗುತ್ತದೆ. ಈ ಕಾರಣದಿಂದ, ನೀಡಿದ ಪ್ರಮಾಣವು ಸೂಚಿಸಿದ ಪ್ರಮಾಣಕ್ಕಿಂತ ಶೇಕಡಾ 5ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದೆಂದು ವಿಕಿರಣ ಮಾನಗಳ ಅಂತಾರಾಷ್ಟ್ರೀಯ ಆಯೋಗವು 1976ರಲ್ಲಿಯೇ ಶಿಫಾರಸು ಮಾಡಿದೆ.

ಈ ನಿಖರತೆಯನ್ನು ಕಾಯ್ದುಕೊಳ್ಳಲು ಯಂತ್ರವನ್ನು ನಿಯತಕಾಲಿಕವಾಗಿ ಪರೀಕ್ಷಿಸಲಾಗುತ್ತದೆ. ಲೀನಿಯರ್ ಆಕ್ಸಿಲರೇಟರ್ ಯಂತ್ರಗಳ ಬಗ್ಗೆ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಹಲವು ದೇಶಗಳಲ್ಲಿ ಅನುಸರಿಸಲಾಗುತ್ತಿದೆ. ಇದರ ಪ್ರಕಾರ ಯಂತ್ರ ಹೊರಸೂಸುವ ವಿಕಿರಣದ ಪ್ರಮಾಣವು ದೈನಂದಿನ ಪರೀಕ್ಷೆಯಲ್ಲಿ ಶೇಕಡಾ 3ರ, ಮಾಸಿಕ ಪರೀಕ್ಷೆಯಲ್ಲಿ ಶೇಕಡಾ 2ರ ಹಾಗೂ ವಾರ್ಷಿಕ ಪರೀಕ್ಷೆಯಲ್ಲಿ ಶೇಕಡಾ 1ರ ಮಿತಿಯೊಳಗೆ ಇರತಕ್ಕದ್ದು. ಬೆಳಿಗ್ಗೆ ಮೊದಲ ರೋಗಿಯನ್ನು ಒಳಗೆ ಕರೆಯುವ ಮುನ್ನ ಸಿಬ್ಬಂದಿಯು ಯಂತ್ರದ ಕೊಠಡಿಯಲ್ಲಿ ನಿರತರಾಗಿರುವುದಕ್ಕೆ ಈ ದೈನಂದಿನ ಪರೀಕ್ಷೆಯೇ ಕಾರಣ.

ಅಳತೆಗಾಗಿ ನೀರು ತುಂಬಿದ ತೊಟ್ಟಿಯಲ್ಲಿ ಅಯಾನ್ ಚೇಂಬರ್ ಎಂಬ ಚಿಕ್ಕ ಉಪಕರಣವನ್ನು ಇರಿಸಲಾಗುತ್ತದೆ. ಮನುಷ್ಯನ ದೇಹದ ಮೃದು ಭಾಗಗಳು ವಿಕಿರಣವನ್ನು ಹೆಚ್ಚುಕಡಿಮೆ ನೀರಿನಂತೆಯೇ ಹೀರಿಕೊಳ್ಳುವುದರಿಂದ ನೀರನ್ನು ಬಳಸಲಾಗುತ್ತದೆ. ಅಂಗಡಿಯ ತಕ್ಕಡಿ ಮತ್ತು ತೂಕದ ಬಟ್ಟುಗಳಿಗೆ ಇಲಾಖೆಯ ಮುದ್ರೆ ಇರುವಂತೆ, ಈ ಉಪಕರಣಕ್ಕೂ ಮಾನಕ ಪ್ರಯೋಗಾಲಯದ ಪ್ರಮಾಣಪತ್ರವಿರಬೇಕಾಗುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅಂತಹ ಪ್ರಯೋಗಾಲಯವಿದೆ.

ಕೋಬಾಲ್ಟ್ ಯಂತ್ರಗಳಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕಾಗುತ್ತದೆ. ಕೋಬಾಲ್ಟ್-60 ಮೂಲದ ಶಕ್ತಿಯು 5.27 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ತಿಂಗಳಿಗೆ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ. ಅದಕ್ಕೆ ಅನುಗುಣವಾಗಿ ಚಿಕಿತ್ಸೆಯ ಸಮಯವನ್ನು ಹೆಚ್ಚಿಸುತ್ತಾ ಹೋಗಬೇಕು. ಮೂಲ ಹಳೆಯದಾದಂತೆ ರೋಗಿಯು ಮೇಜಿನ ಮೇಲೆ ಹೆಚ್ಚು ಹೊತ್ತು ಮಲಗಬೇಕಾಗುವುದು ಇದೇ ಕಾರಣದಿಂದ. ಇದು ಯಂತ್ರದ ದೋಷವೆಂದು ಭಾವಿಸತಕ್ಕದ್ದಲ್ಲ.

ಗರ್ಭಕಂಠದ ಕ್ಯಾನ್ಸರ್ ಮುಂತಾದವುಗಳಲ್ಲಿ ವಿಕಿರಣ ಮೂಲವನ್ನು ದೇಹದೊಳಗೆ, ಗಡ್ಡೆಯ ಸಮೀಪಕ್ಕೇ ಕಳುಹಿಸಿ ನೀಡುವ ಬ್ರಾಕಿಥೆರಪಿ ಚಿಕಿತ್ಸೆಯೂ ಇದೆ. ಇದರಲ್ಲಿ ಬಳಸುವ ಇರಿಡಿಯಂ-192 ಮೂಲದ ಶಕ್ತಿಯು ಸುಮಾರು 74 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಹೊಸ ಮೂಲವನ್ನು ತರಿಸಬೇಕಾಗುತ್ತದೆ. ತಯಾರಕರು ನೀಡಿದ ಪ್ರಮಾಣಪತ್ರವೊಂದನ್ನೇ ನಂಬದೆ, ಭೌತವಿಜ್ಞಾನಿಯು ತಾವೇ ಅಳತೆ ಮಾಡಿ ತಾಳೆ ನೋಡಿದ ನಂತರವಷ್ಟೇ ಹೊಸ ಮೂಲವನ್ನು ಚಿಕಿತ್ಸೆಗೆ ಬಳಸಲಾಗುತ್ತದೆ. ಈ ಸಂದರ್ಭದಲ್ಲಿ ಚಿಕಿತ್ಸೆಯ ದಿನಾಂಕವು ಒಂದೆರಡು ದಿನ ಮುಂದೂಡಲ್ಪಡುವ ಸಂಭವವಿರುತ್ತದೆ.

4. ಸಿಮ್ಯುಲೇಷನ್‌ನಿಂದ ಮೊದಲ ಕಂತಿನವರೆಗೆ

ರೋಗಿಯನ್ನು ಚಿಕಿತ್ಸೆಯ ಭಂಗಿಯಲ್ಲಿಯೇ ಮಲಗಿಸಿ ಸಿ.ಟಿ. ಸ್ಕ್ಯಾನ್ ತೆಗೆಯುವುದನ್ನು ಸಿಮ್ಯುಲೇಷನ್ ಎನ್ನಲಾಗುತ್ತದೆ. ತಲೆ ಮತ್ತು ಕತ್ತಿನ ಭಾಗದ ರೋಗಿಗಳಿಗೆ ಈ ಹಂತದಲ್ಲಿಯೇ ಪ್ಲಾಸ್ಟಿಕ್ ಮುಖವಾಡವನ್ನು ಅಚ್ಚು ತೆಗೆಯಲಾಗುತ್ತದೆ. ಅನಂತರದ ಕೆಲಸಗಳು ಈ ಕೆಳಕಂಡಂತಿರುತ್ತವೆ.

ಅ) ವೈದ್ಯರು ಸ್ಕ್ಯಾನಿನ ಪ್ರತಿಯೊಂದು ಪದರದ ಮೇಲೆ ಗಡ್ಡೆಯ ಎಲ್ಲೆಯನ್ನೂ, ಕಾಪಾಡಬೇಕಾದ ಬೆನ್ನುಹುರಿ, ಶ್ವಾಸಕೋಶ, ಹೃದಯ, ಮೂತ್ರಕೋಶ ಮುಂತಾದ ಅಂಗಗಳ ಎಲ್ಲೆಯನ್ನೂ ಗುರುತಿಸುತ್ತಾರೆ.

ಆ) ಯಾವ ದಿಕ್ಕಿನಿಂದ ಎಷ್ಟು ಕಿರಣ ಹಾಯಿಸಬೇಕೆಂಬ ಯೋಜನೆಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲಾಗುತ್ತದೆ. ಗಡ್ಡೆಗೆ ಪೂರ್ಣ ಪ್ರಮಾಣ ತಲುಪಿ, ಅಂಗಗಳಿಗೆ ಮಿತಿ ಮೀರದಿರುವವರೆಗೆ ಇದನ್ನು ಮತ್ತೆ ಮತ್ತೆ ತಿದ್ದಲಾಗುತ್ತದೆ.

ಇ) ಸಿದ್ಧವಾದ ಯೋಜನೆಯನ್ನು ವೈದ್ಯರು ನೋಡಿ ಅನುಮೋದಿಸುತ್ತಾರೆ.

ಈ) ಯೋಜನೆ ಸಿದ್ಧಪಡಿಸಿದವರಲ್ಲದ ಮತ್ತೊಬ್ಬ ಭೌತವಿಜ್ಞಾನಿಯು ಅದನ್ನು ಮೊದಲಿನಿಂದ ಪರಿಶೀಲಿಸುತ್ತಾರೆ: ರೋಗಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಎಡ ಬಲ ಭಾಗ, ವೈದ್ಯರು ಬರೆದ ಪ್ರಮಾಣ, ಕಂತುಗಳ ಸಂಖ್ಯೆ, ಹಿಂದೆ ವಿಕಿರಣ ಪಡೆದಿದ್ದರೆ ಅದರ ವಿವರ, ಯಂತ್ರಕ್ಕೆ ರವಾನೆಯಾದ ಅಂಕಿಅಂಶಗಳು. ಪ್ರಮಾಣದ ಲೆಕ್ಕವನ್ನು ಬೇರೊಂದು ವಿಧಾನದಿಂದ ಮತ್ತೊಮ್ಮೆ ಮಾಡಿ ತಾಳೆ ನೋಡಲಾಗುತ್ತದೆ.

ಉ) ಐ.ಎಂ.ಆರ್.ಟಿ.ಯಂತಹ ಸಂಕೀರ್ಣ ವಿಧಾನಗಳಲ್ಲಿ, ರೋಗಿಯ ಬದಲಿಗೆ ಅಳತೆಯ ಉಪಕರಣವನ್ನು ಮೇಜಿನ ಮೇಲಿಟ್ಟು ಇಡೀ ಚಿಕಿತ್ಸೆಯನ್ನು ಒಮ್ಮೆ ನಡೆಸಿ ನೋಡಲಾಗುತ್ತದೆ. ಅಳತೆಗೂ ಲೆಕ್ಕಕ್ಕೂ ಹೊಂದಾಣಿಕೆಯಾಗದಿದ್ದಲ್ಲಿ ಕಾರಣವನ್ನು ಪತ್ತೆಹಚ್ಚುವವರೆಗೆ ಚಿಕಿತ್ಸೆಯನ್ನು ಆರಂಭಿಸಲಾಗುವುದಿಲ್ಲ. ಈ ಪರೀಕ್ಷೆಯನ್ನು ರೋಗಿಗಳ ಚಿಕಿತ್ಸೆ ಮುಗಿದ ಮೇಲೆ, ಸಂಜೆ ಅಥವಾ ರಾತ್ರಿಯ ವೇಳೆ ನಡೆಸುವುದು ಸಾಮಾನ್ಯ ರೂಢಿ.

ಮೇಲ್ಕಂಡ ಕೆಲಸಗಳಿಗೆ ಬೇಕಾಗುವ ದಿನಗಳೇ ರೋಗಿಯು ಕಾಯಬೇಕಾದ ಅವಧಿಯ ಒಂದು ಮುಖ್ಯ ಭಾಗವಾಗಿರುತ್ತದೆ. ಉಳಿದ ಭಾಗವು ಯಂತ್ರದಲ್ಲಿ ಸರದಿ ದೊರೆಯುವುದನ್ನು ಅವಲಂಬಿಸಿರುತ್ತದೆ. ತುರ್ತು ಪ್ರಕರಣಗಳಲ್ಲಿ, ಉದಾಹರಣೆಗೆ ಬೆನ್ನುಹುರಿಯ ಮೇಲೆ ಗಡ್ಡೆಯ ಒತ್ತಡ ಬಿದ್ದಿರುವಾಗ, ಸರಳ ಯೋಜನೆಯನ್ನು ತಯಾರಿಸಿ ಅದೇ ದಿನ ಅಥವಾ ಮರುದಿನ ಚಿಕಿತ್ಸೆ ಆರಂಭಿಸಲಾಗುತ್ತದೆ. ಆಗಲೂ ಲೆಕ್ಕವನ್ನು ತಾಳೆ ನೋಡುವುದನ್ನು ಬಿಡತಕ್ಕದ್ದಲ್ಲ.

5. ಎರಡನೆಯ ಪರಿಶೀಲನೆ ಏಕೆ ಅಗತ್ಯ?

ಬಿಲ್ಲು ಬರೆದವರೇ ಅದನ್ನು ಮಂಜೂರು ಮಾಡುವಂತಿಲ್ಲ ಎಂಬುದು ಎಲ್ಲ ಕಚೇರಿಗಳ ಲೆಕ್ಕಪತ್ರ ನಿಯಮ. ಬರೆದವರ ಮೇಲೆ ಅಪನಂಬಿಕೆ ಇರುವುದರಿಂದಲ್ಲ. ತಮ್ಮ ತಪ್ಪು ತಮಗೆ ಕಾಣುವುದು ಕಷ್ಟವಾದ್ದರಿಂದ. ಹಣದ ಲೆಕ್ಕದಲ್ಲಿ ಆದ ತಪ್ಪನ್ನು ಮುಂದಿನ ತಿಂಗಳು ವಸೂಲಿ ಮಾಡಿ ಸರಿಪಡಿಸಬಹುದು. ದೇಹಕ್ಕೆ ಕೊಟ್ಟ ವಿಕಿರಣವನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ. ಬೇರೆ ದೇಶಗಳಲ್ಲಿ ಸಂಭವಿಸಿದ ಈ ಕೆಳಗಿನ ಘಟನೆಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಅ) ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ 1974ರಿಂದ 1976ರವರೆಗೆ ಕೋಬಾಲ್ಟ್ ಮೂಲದ ಶಕ್ತಿ ಕುಗ್ಗುವಿಕೆಯ ನಕ್ಷೆಯನ್ನು ತಪ್ಪಾಗಿ ಎಳೆಯಲಾಗಿತ್ತು. ಕಾಗದದ ಮೇಲಿನ ನಕ್ಷೆಯನ್ನೇ ಅವಲಂಬಿಸಿ, ಯಂತ್ರವನ್ನು ತಿಂಗಳುಗಟ್ಟಲೆ ಅಳತೆ ಮಾಡದೆ ಬಿಡಲಾಯಿತು. ಮೂಲದ ಶಕ್ತಿ ವಾಸ್ತವಕ್ಕಿಂತ ಹೆಚ್ಚು ಕುಗ್ಗಿದೆಯೆಂದು ಎಣಿಸಿ ಸಮಯವನ್ನು ಏರಿಸುತ್ತಾ ಹೋದುದರಿಂದ 400ಕ್ಕೂ ಹೆಚ್ಚು ರೋಗಿಗಳಿಗೆ ಅಧಿಕ ವಿಕಿರಣ ತಗುಲಿತು.

ಆ) ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ನಗರದಲ್ಲಿ 1982ರಲ್ಲಿ ಯೋಜನೆಗಾಗಿ ಹೊಸ ಗಣಕ ವ್ಯವಸ್ಥೆಯನ್ನು ಅಳವಡಿಸಲಾಯಿತು. ಯಂತ್ರಕ್ಕೂ ರೋಗಿಗೂ ಇರುವ ದೂರದ ತಿದ್ದುಪಡಿಯನ್ನು ಗಣಕವೇ ಮಾಡುತ್ತಿದ್ದರೂ, ಹಳೆಯ ಪದ್ಧತಿಯಂತೆ ಅದೇ ತಿದ್ದುಪಡಿಯನ್ನು ಕೈಯಿಂದಲೂ ಮಾಡಲಾಗುತ್ತಿತ್ತು. ಒಂದೇ ಕಡಿತವನ್ನು ಎರಡು ಬಾರಿ ಮಾಡಿದ ಪರಿಣಾಮವಾಗಿ, 1991ರಲ್ಲಿ ತಪ್ಪು ಪತ್ತೆಯಾಗುವವರೆಗೆ ಒಂದು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಸೂಚಿಸಿದ್ದಕ್ಕಿಂತ ಕಡಿಮೆ ವಿಕಿರಣ ತಲುಪಿತ್ತು. ಕಡಿಮೆ ಪ್ರಮಾಣದಿಂದ ಸುಟ್ಟಗಾಯವಾಗುವುದಿಲ್ಲ, ರೋಗಿಗೆ ನೋವು ತಿಳಿಯುವುದಿಲ್ಲ. ಆದ್ದರಿಂದಲೇ ಅದು ಒಂಬತ್ತು ವರ್ಷಗಳ ಕಾಲ ಯಾರ ಗಮನಕ್ಕೂ ಬರಲಿಲ್ಲ.

ಇ) ಕೋಸ್ಟರಿಕ ದೇಶದ ಸ್ಯಾನ್ ಹೋಸೆ ನಗರದಲ್ಲಿ 1996ರಲ್ಲಿ ಹೊಸ ಕೋಬಾಲ್ಟ್ ಮೂಲದ ಅಳತೆಯ ಸಂದರ್ಭದಲ್ಲಿ 0.3 ನಿಮಿಷವನ್ನು 30 ಸೆಕೆಂಡು ಎಂದು ಪರಿಗಣಿಸಲಾಯಿತು. 0.3 ನಿಮಿಷವೆಂದರೆ 18 ಸೆಕೆಂಡು ಮಾತ್ರ. ಈ ಒಂದು ದಶಮಾಂಶದ ತಪ್ಪಿನಿಂದ 115 ರೋಗಿಗಳಿಗೆ ಸೂಚಿಸಿದ್ದಕ್ಕಿಂತ ಅರ್ಧಕ್ಕೂ ಮಿಕ್ಕಿ ಹೆಚ್ಚು ವಿಕಿರಣ ನೀಡಲಾಯಿತು. ಹಲವರು ಪ್ರಾಣ ಕಳೆದುಕೊಂಡರು.

ಈ ಮೂರೂ ಘಟನೆಗಳಲ್ಲಿ ಯಂತ್ರ ಕೆಟ್ಟಿರಲಿಲ್ಲ. ಒಬ್ಬರು ಮಾಡಿದ ಲೆಕ್ಕವನ್ನು ಸ್ವತಂತ್ರವಾಗಿ ಅಳೆದು, ಮತ್ತೊಬ್ಬರು ತಾಳೆ ನೋಡಿದ್ದಲ್ಲಿ ಅವು ಮೊದಲ ವಾರದಲ್ಲಿಯೇ ಪತ್ತೆಯಾಗುವ ಸಾಧ್ಯತೆಯಿತ್ತು. ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ವರದಿಯಾದ ಲೋಪಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಿಕಿತ್ಸೆಗೆ ಮುನ್ನ ಭೌತವಿಜ್ಞಾನಿಯು ಕಡತವನ್ನು ಪರಿಶೀಲಿಸುವುದೇ ಗಂಭೀರ ಲೋಪಗಳನ್ನು ತಡೆಯುವ ಅತ್ಯಂತ ಪರಿಣಾಮಕಾರಿ ಕ್ರಮಗಳಲ್ಲಿ ಒಂದೆಂದು ತೋರಿಸಿತು. ಯಂತ್ರದ ಮೇಲಿನ ಅಳತೆಯೊಂದರಿಂದಲೇ ಪತ್ತೆಯಾಗುವ ಲೋಪಗಳು ಅತ್ಯಲ್ಪವೆಂಬುದೂ ಅದರಿಂದ ತಿಳಿದುಬಂದಿತು.

6. ಚಿಕಿತ್ಸೆಯ ಅವಧಿಯಲ್ಲಿ

ಮೊದಲ ಕಂತಿನೊಂದಿಗೆ ಭೌತವಿಜ್ಞಾನಿಯ ಕೆಲಸ ಮುಗಿಯುವುದಿಲ್ಲ. ವಾರಕ್ಕೊಮ್ಮೆ, ಅಂದರೆ ಸಾಮಾನ್ಯವಾಗಿ ಪ್ರತಿ ಐದು ಕಂತುಗಳಿಗೊಮ್ಮೆ, ರೋಗಿಯ ಕಡತವನ್ನು ಪರಿಶೀಲಿಸಲಾಗುತ್ತದೆ. ಇಲ್ಲಿಯವರೆಗೆ ನೀಡಿದ ಪ್ರಮಾಣದ ಮೊತ್ತ, ಉಳಿದ ಕಂತುಗಳು, ರೋಗಿಯ ಭಂಗಿಯ ಚಿತ್ರಗಳು ಹಾಗೂ ಮಧ್ಯದಲ್ಲಿ ವೈದ್ಯರು ಮಾಡಿದ ಬದಲಾವಣೆಗಳು ಸರಿಯಾಗಿ ದಾಖಲಾಗಿವೆಯೇ ಎಂದು ನೋಡಲಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅಂತಿಮ ಪರಿಶೀಲನೆ ನಡೆಸಿ ಒಟ್ಟು ಪ್ರಮಾಣವನ್ನು ದಾಖಲಿಸಲಾಗುತ್ತದೆ.

ಚಿಕಿತ್ಸೆಯ ನಡುವೆ ರೋಗಿಯ ತೂಕ ಗಣನೀಯವಾಗಿ ಇಳಿದರೆ ಅಥವಾ ಮುಖವಾಡ ಸಡಿಲವಾದರೆ ಮೂಲ ಯೋಜನೆಯು ದೇಹಕ್ಕೆ ಹೊಂದಿಕೆಯಾಗದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಹೊಸದಾಗಿ ಸ್ಕ್ಯಾನ್ ತೆಗೆದು ಹೊಸ ಯೋಜನೆಯನ್ನು ಸಿದ್ಧಪಡಿಸಬೇಕಾಗುತ್ತದೆ.

7. ಕಾರ್ಯಪದ್ಧತಿಯಲ್ಲಿ ಕಂಡುಬರುವ ವ್ಯತ್ಯಾಸಗಳು

ಎಲ್ಲ ಆಸ್ಪತ್ರೆಗಳಲ್ಲಿಯೂ ಭೌತವಿಜ್ಞಾನಿಗಳ ಕೆಲಸದ ಹಂಚಿಕೆ ಒಂದೇ ರೀತಿಯಾಗಿರುವುದಿಲ್ಲ. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಯೋಜನೆ ತಯಾರಿಸಲು ಡೋಸಿಮೆಟ್ರಿಸ್ಟ್ ಎಂಬ ಪ್ರತ್ಯೇಕ ಸಿಬ್ಬಂದಿ ಇರುವುದು ಸಾಮಾನ್ಯ. ಭೌತವಿಜ್ಞಾನಿಯು ಅದನ್ನು ಪರಿಶೀಲಿಸುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನ ಕೇಂದ್ರಗಳಲ್ಲಿ ಯೋಜನೆಯನ್ನು ಭೌತವಿಜ್ಞಾನಿಯೇ ತಯಾರಿಸುತ್ತಾರೆ. ಆದ್ದರಿಂದ ಪರಿಶೀಲನೆಗೆ ಎರಡನೆಯ ಭೌತವಿಜ್ಞಾನಿಯ ಅಗತ್ಯವುಂಟಾಗುತ್ತದೆ. ಒಬ್ಬರೇ ಭೌತವಿಜ್ಞಾನಿಯಿರುವ ಚಿಕ್ಕ ಕೇಂದ್ರಗಳಲ್ಲಿ ಸ್ವತಂತ್ರ ತಂತ್ರಾಂಶದ ಮೂಲಕ ಲೆಕ್ಕವನ್ನು ತಾಳೆ ನೋಡುವುದು ಅಥವಾ ಮತ್ತೊಂದು ಕೇಂದ್ರದ ಭೌತವಿಜ್ಞಾನಿಯ ನೆರವು ಪಡೆಯುವುದು ಪರ್ಯಾಯ ಕ್ರಮಗಳಾಗಿವೆ.

ಪರಿಶೀಲನೆಯ ರೂಢಿಗಳಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸಗಳಿರುವುದನ್ನು ಗಮನಿಸಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು ಸಮೀಕ್ಷೆ ನಡೆಸಿ, ಯಾವ ಹಂತದಲ್ಲಿ ಯಾವ ಅಂಶಗಳನ್ನು ನೋಡಬೇಕೆಂಬ ಬಗ್ಗೆ 2020ರಲ್ಲಿ ವರದಿಯನ್ನು ಪ್ರಕಟಿಸಿತು. ಅಪಾಯ ಹೆಚ್ಚಿರುವ ಅಂಶಗಳಿಗೆ ಹೆಚ್ಚಿನ ಗಮನ ನೀಡಬೇಕು ಎಂಬುದು ಅದರ ಮುಖ್ಯ ಸಾರಾಂಶ. ಅಲ್ಲದೆ ಅಮೆರಿಕದ ಕೆಲವು ಕೇಂದ್ರಗಳಲ್ಲಿ ಭೌತವಿಜ್ಞಾನಿಯು ಚಿಕಿತ್ಸೆಗೆ ಮುನ್ನ ರೋಗಿಯನ್ನು ಖುದ್ದಾಗಿ ಭೇಟಿಯಾಗಿ, ಯಂತ್ರ ಹಾಗೂ ಯೋಜನೆಯ ಬಗ್ಗೆ ವಿವರಿಸುವ ಪದ್ಧತಿಯೂ ಆರಂಭವಾಗಿದೆ.

ಕೇಂದ್ರದ ಒಳಗಿನ ಪರಿಶೀಲನೆಯ ಜೊತೆಗೆ ಹೊರಗಿನ ಲೆಕ್ಕಪರಿಶೋಧನೆಯೂ ಇದೆ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು 1969ರಿಂದ ಅಂಚೆ ಮೂಲಕ ಚಿಕ್ಕ ಅಳತೆಯ ಸಾಧನಗಳನ್ನು ಆಸ್ಪತ್ರೆಗಳಿಗೆ ಕಳುಹಿಸುತ್ತಿವೆ. ಆಸ್ಪತ್ರೆಯು ಅವುಗಳಿಗೆ ನಿಗದಿತ ಪ್ರಮಾಣದ ವಿಕಿರಣ ನೀಡಿ ಹಿಂದಿರುಗಿಸಿದಾಗ, ಹೇಳಿದ ಪ್ರಮಾಣವೂ ವಾಸ್ತವವಾಗಿ ತಲುಪಿದ ಪ್ರಮಾಣವೂ ಒಂದೇ ಆಗಿದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಲಾಗುತ್ತದೆ.

8. ನಿಯಂತ್ರಣ ವ್ಯವಸ್ಥೆ

ಭಾರತದಲ್ಲಿ ವಿಕಿರಣ ಸುರಕ್ಷತೆಯ ಮೇಲ್ವಿಚಾರಣೆಯನ್ನು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನಿರ್ವಹಿಸುತ್ತಿದೆ. ಮಂಡಳಿಯ ಪರವಾನಗಿ ಇಲ್ಲದೆ ಯಾವುದೇ ಆಸ್ಪತ್ರೆಯು, ಸರ್ಕಾರಿಯಾಗಲಿ ಖಾಸಗಿಯಾಗಲಿ, ವಿಕಿರಣ ಚಿಕಿತ್ಸಾ ಯಂತ್ರವನ್ನು ನಡೆಸುವಂತಿಲ್ಲ. ಚಿಕಿತ್ಸಾ ಕೊಠಡಿಯ ಗೋಡೆಗಳ ದಪ್ಪ, ಯಂತ್ರದ ಪರೀಕ್ಷಾ ವರದಿ ಹಾಗೂ ಅರ್ಹ ಸಿಬ್ಬಂದಿಯ ನೇಮಕಾತಿ ಪರವಾನಗಿಯ ಷರತ್ತುಗಳಲ್ಲಿ ಸೇರಿರುತ್ತವೆ. ಪ್ರತಿ ಕೇಂದ್ರದಲ್ಲಿಯೂ ಮಂಡಳಿಯ ಅನುಮೋದನೆ ಪಡೆದ ವಿಕಿರಣ ಸುರಕ್ಷತಾ ಅಧಿಕಾರಿ ಇರತಕ್ಕದ್ದು. ಸಾಮಾನ್ಯವಾಗಿ ಅರ್ಹ ವೈದ್ಯಕೀಯ ಭೌತವಿಜ್ಞಾನಿಯೇ ಈ ಜವಾಬ್ದಾರಿಯನ್ನು ವಹಿಸಿಕೊಂಡಿರುತ್ತಾರೆ.

9. ರೋಗಿಗಳು ಮತ್ತು ಸಂಬಂಧಿಕರು ಗಮನಿಸಬೇಕಾದ ಅಂಶಗಳು

1) ಸಿಮ್ಯುಲೇಷನ್ ದಿನವೇ ಚಿಕಿತ್ಸೆಯ ಅಂದಾಜು ಆರಂಭದ ದಿನಾಂಕವನ್ನು ಕೇಳಿ ತಿಳಿದುಕೊಳ್ಳುವುದು. ಊರಿಗೆ ಹೋಗಿ ಬರಲು ಅವಕಾಶವಿದೆಯೇ ಎಂಬುದನ್ನೂ ವಿಚಾರಿಸಿದಲ್ಲಿ ತಂಗುವ ವೆಚ್ಚ ಉಳಿಯುತ್ತದೆ.

2) ಈ ಹಿಂದೆ ದೇಹದ ಯಾವುದೇ ಭಾಗಕ್ಕೆ, ಎಷ್ಟೇ ವರ್ಷಗಳ ಹಿಂದೆಯಾದರೂ, ವಿಕಿರಣ ಚಿಕಿತ್ಸೆ ಪಡೆದಿದ್ದಲ್ಲಿ ಕಡ್ಡಾಯವಾಗಿ ತಿಳಿಸುವುದು. ಹಳೆಯ ಕಾಗದಪತ್ರಗಳಿದ್ದರೆ ತರತಕ್ಕದ್ದು. ಪೇಸ್‌ಮೇಕರ್ ಅಳವಡಿಸಿದ್ದರೆ ಅದನ್ನೂ ತಿಳಿಸುವುದು.

3) ಪ್ರತಿದಿನ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕೇಳಿದಾಗ ಬೇಸರಿಸದೆ ಉತ್ತರಿಸುವುದು. ಒಂದೇ ಹೆಸರಿನ ಇಬ್ಬರು ರೋಗಿಗಳು ಅದೇ ದಿನ ಬಂದಿರುವ ಸಾಧ್ಯತೆ ಇರುತ್ತದೆ.

4) ಚರ್ಮದ ಮೇಲಿನ ಗುರುತುಗಳನ್ನು ಅಳಿಸಬಾರದು. ಮಾಸಿದಲ್ಲಿ ತಾವೇ ಬರೆದುಕೊಳ್ಳದೆ ತಂತ್ರಜ್ಞರ ಗಮನಕ್ಕೆ ತರುವುದು.

5) ಮುಖವಾಡ ಸಡಿಲವಾಗಿದ್ದರೆ, ತೂಕ ಇಳಿದಿದ್ದರೆ, ಅಥವಾ ಚಿಕಿತ್ಸೆಯ ವಿಧಾನ ಹಿಂದಿನ ದಿನಕ್ಕಿಂತ ಬೇರೆಯಾಗಿದೆ ಎನಿಸಿದರೆ ಕೂಡಲೇ ತಿಳಿಸುವುದು. ರೋಗಿಯೇ ಹೇಳಿದ ಮಾತಿನಿಂದ ಲೋಪ ಪತ್ತೆಯಾಗುವುದೂ ಉಂಟು.

6) ಹಬ್ಬ, ಜಾತ್ರೆ, ಮದುವೆ ಮುಂತಾದ ಕಾರಣಗಳಿಗೆ ಕಂತುಗಳನ್ನು ತಪ್ಪಿಸಬಾರದು. ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆಯ ಅವಧಿ ಒಂದೊಂದು ದಿನ ಉದ್ದವಾದಂತೆ ರೋಗ ನಿಯಂತ್ರಣದ ಸಾಧ್ಯತೆ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆಂದು ಅಂದಾಜಿಸಲಾಗಿದೆ. ಯಂತ್ರದ ದುರಸ್ತಿಯಿಂದ ಕಂತು ತಪ್ಪಿದಲ್ಲಿ ಅದನ್ನು ಹೇಗೆ ಸರಿದೂಗಿಸಲಾಗುವುದೆಂದು ವೈದ್ಯರನ್ನು ಕೇಳಬಹುದು.

7) ಹೊರಗಿನಿಂದ ಕಿರಣ ಹಾಯಿಸುವ ಚಿಕಿತ್ಸೆ ಪಡೆದ ರೋಗಿಯ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ದೂರವಿಡುವ, ಪಾತ್ರೆ ಹಾಸಿಗೆಗಳನ್ನು ಬೇರ್ಪಡಿಸುವ ಅಗತ್ಯವಿಲ್ಲ.

8) ಚಿಕಿತ್ಸೆ ಮುಗಿದ ಮೇಲೆ, ನೀಡಿದ ಒಟ್ಟು ಪ್ರಮಾಣ, ಕಂತುಗಳ ಸಂಖ್ಯೆ, ದೇಹದ ಭಾಗ ಹಾಗೂ ದಿನಾಂಕಗಳನ್ನು ಒಳಗೊಂಡ ಸಾರಾಂಶ ಪತ್ರವನ್ನು ಕೇಳಿ ಪಡೆದು ಭದ್ರವಾಗಿ ಇಟ್ಟುಕೊಳ್ಳುವುದು. ವೈದ್ಯರ ವೃತ್ತಿ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯಂತೆ, ರೋಗಿ ಅಥವಾ ಅಧಿಕೃತ ಪರಿಚಾರಕರು ದಾಖಲೆಗಳನ್ನು ಕೋರಿದ 72 ಗಂಟೆಗಳೊಳಗೆ ಒದಗಿಸಬೇಕಾಗಿರುತ್ತದೆ.

9) ‘ಯೋಜನೆಯನ್ನು ಎರಡನೆಯವರು ಪರಿಶೀಲಿಸಿದ್ದಾರೆಯೇ?’ ಎಂದು ಕೇಳಲು ರೋಗಿಗಳಿಗೆ ಹಾಗೂ ಸಂಬಂಧಿಕರಿಗೆ ಮುಕ್ತ ಅವಕಾಶವಿದೆ. ಇದನ್ನು ಸಿಬ್ಬಂದಿಯ ಮೇಲಿನ ಆರೋಪವೆಂದು ಯಾರೂ ಭಾವಿಸಬೇಕಾಗಿಲ್ಲ.

10. ಮುಕ್ತಾಯ

ಚಿಕಿತ್ಸೆಯನ್ನು ಬೇಗ ಆರಂಭಿಸುವಂತೆ ಕೋರುವುದು ರೋಗಿಯ ಕುಟುಂಬಕ್ಕೆ ಸಹಜ. ಅನಗತ್ಯ ವಿಳಂಬವಾಗಿದೆ ಎನಿಸಿದಲ್ಲಿ ಕಾರಣ ಕೇಳುವುದು ಅವರ ಹಕ್ಕು. ಆದರೆ ಸರದಿಗಾಗಿ ಕಾಯುವ ದಿನಗಳು ಬೇರೆ, ಪರಿಶೀಲನೆಗೆ ಬೇಕಾದ ದಿನಗಳು ಬೇರೆ. ಮೊದಲನೆಯದನ್ನು ಕಡಿಮೆ ಮಾಡುವಂತೆ ಒತ್ತಾಯಿಸಬಹುದು. ಎರಡನೆಯದನ್ನು ಬಿಟ್ಟುಬಿಡುವಂತೆ ಒತ್ತಾಯಿಸುವುದು ರೋಗಿಗೇ ಹಾನಿಕರ. ಯಾರ ಹೆಸರೂ ತಿಳಿಯದೆ, ಯಾರ ಮುಖವನ್ನೂ ನೋಡದೆ ರೋಗಿಯು ಪಡೆಯುವ ರಕ್ಷಣೆ ಆ ಪರಿಶೀಲನೆಯಲ್ಲಿ ಅಡಗಿದೆ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಂಡು, ಸಂದೇಹಗಳಿದ್ದಲ್ಲಿ ತಾವು ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ವೈದ್ಯರನ್ನು ಅಥವಾ ವೈದ್ಯಕೀಯ ಭೌತವಿಜ್ಞಾನಿಯನ್ನು ಸಂಪರ್ಕಿಸಬೇಕಾಗಿ ಕೋರಲಾಗಿದೆ.